ಹಳೇ ನುಡಿ ಫೈಲಿನೊಳಗೆ ಕನ್ನಡ ಹೇಗೆ ಕೂತಿದೆ?

ಹದಿನೈದು ಇಪ್ಪತ್ತು ವರ್ಷದ ಹಿಂದೆ ‘ನುಡಿ’ಯಲ್ಲೋ ‘ಬರಹ’ದಲ್ಲೋ, ಅಂದರೆ ಕನ್ನಡ ಬರೆಯುವ ಆಗಿನ ತಂತ್ರಾಂಶಗಳಲ್ಲಿ, ಟೈಪ್ ಮಾಡಿದ ಫೈಲನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪರದೆ ತುಂಬಾ ವಿಚಿತ್ರ ಗುರುತುಗಳು. ‘ಕನ್ನಡ’ ಎಂದು ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೊಂದು ಎ. ಫೈಲ್ ಕೆಟ್ಟಿದೆ, ವೈರಸ್ ಹೊಕ್ಕಿದೆ ಅಂದುಕೊಂಡು ಡಿಲೀಟ್ ಮಾಡಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೈಲಿಗೆ ಏನೂ ಆಗಿಲ್ಲ. ಬರೆದ ದಿನದಿಂದಲೂ ಅದರೊಳಗೆ ಇದ್ದದ್ದು ಇವೇ ಗುರುತುಗಳು. ಅವನ್ನು ಕನ್ನಡದ ಹಾಗೆ ತೋರಿಸುತ್ತಿದ್ದ ಫಾಂಟ್ ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಇಲ್ಲ, ಅಷ್ಟೇ.

ಆಗಿನ ಫಾಂಟುಗಳಲ್ಲಿ ಇದ್ದದ್ದು ಬರೀ 256 ಮನೆಗಳು. ಅದರಲ್ಲಿ ಒಂದಷ್ಟನ್ನು ಕಂಪ್ಯೂಟರ್ ತನ್ನ ಕೆಲಸಕ್ಕೇ ಇಟ್ಟುಕೊಳ್ಳುತ್ತಿತ್ತು. ಕನ್ನಡಕ್ಕೆ ಅದು ಎಲ್ಲಿ ಸಾಕು? ಮೂವತ್ತನಾಲ್ಕು ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಲೆಕ್ಕ ಹಾಕಿದರೆ ಸಾವಿರಾರು ಆಕಾರಗಳಾಗುತ್ತವೆ. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಒಂದು ತುಂಡು, ಕೊಂಬು ಒಂದು, ಒತ್ತಕ್ಷರಗಳು ಬೇರೆ. ಇಂಗ್ಲಿಷ್ ಅಕ್ಷರಗಳು ಇರಬೇಕಾದ ಮನೆಗಳಲ್ಲಿ ಈ ತುಂಡುಗಳನ್ನು ಕೂರಿಸಿದರು. ಓರೆಗೆರೆಯ ಎ ಅಂದೆನಲ್ಲ, ಅದೇ ನಮ್ಮ ತಲೆಕಟ್ಟು. ಆ ಜರ್ಮನ್ ಅಕ್ಷರ ‘ನ’ದ ಒತ್ತು.

ಆ ಕಾಲಕ್ಕೆ ಅದು ದೊಡ್ಡ ಕೆಲಸವೇ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಕನ್ನಡ ತಂದಿತು. ಅದರ ಹಿಂದಿದ್ದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಈಗಲೂ ಎಷ್ಟೋ ಜನ ಬಳಸುತ್ತಾರೆ. ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವುದು ಬೆರಳಿಗೇ ಗೊತ್ತಿರುವವರು ಊರೂರಲ್ಲೂ ಸಿಗುತ್ತಾರೆ.

ಈ ತುಂಡುಗಳ ಒಳಗೆ ಸ್ವಲ್ಪ ಇಣುಕಿ ನೋಡೋಣ. ನುಡಿಯ ಹಳೇ ಫಾಂಟಿನಲ್ಲಿ ‘ಮ’ ಎಂಬ ಅಕ್ಷರವೇ ಇಲ್ಲ! ‘ವ’ದ ಒಡಲು, ತಲೆಕಟ್ಟು, ಪಕ್ಕದಲ್ಲಿ ಒಂದು ಕೊಂಬು. ಮೂರೂ ಸೇರಿದರೆ ಕಣ್ಣಿಗೆ ‘ಮ’. ‘ಯ’ ಇನ್ನೂ ಸೋಜಿಗ. ಅದು ನಾಲ್ಕು ತುಂಡು. ಅದರಲ್ಲಿ ಮೊದಲನೆಯದು ಸೊನ್ನೆ, ಅಂದರೆ ‘ಅಂ’ ಬರೆಯುವಾಗ ಹಾಕುವ ಅದೇ ಸೊನ್ನೆ. ‘ಯ’ದ ಎಡಗಡೆಯ ದುಂಡನೆಯ ಭಾಗಕ್ಕೆ ಅದನ್ನೇ ಬಳಸಿಕೊಂಡರು. ‘ಸೂರ್ಯ’ ಎಂದು ಬರೆದರೆ ಒಟ್ಟು ಎಂಟು ತುಂಡುಗಳು ಸಾಲಾಗಿ ನಿಲ್ಲುತ್ತವೆ. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ, ಕಣ್ಣಿಗೆ ಕಾಣುವ ಜಾಗದಲ್ಲೇ.

ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪದ್ಧತಿ ಬೇರೆ ದಾರಿ ಹಿಡಿಯಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 3200ರಿಂದ 3327ರವರೆಗಿನ 128 ಸಂಖ್ಯೆಗಳು ಕನ್ನಡ ಲಿಪಿಗೇ ಮೀಸಲು, ಇನ್ಯಾವ ಲಿಪಿಯೂ ಅಲ್ಲಿಗೆ ಬರುವಂತಿಲ್ಲ. ಅಲ್ಲಿ ‘ಸೂರ್ಯ’ಕ್ಕೆ ಐದೇ ಸಂಖ್ಯೆ: ಸ 3256, ದೀರ್ಘದ ಕೊಂಬು 3266, ರ 3248, ಅರ್ಧಾಕ್ಷರದ ಗುರುತು 3277, ಯ 3247. ಗಮನಿಸಿ, ರ ಮೊದಲು, ಯ ಆಮೇಲೆ. ನಾವು ಉಚ್ಚರಿಸುವ ಕ್ರಮವೇ ಇದು. ಅರ್ಕಾವತ್ತನ್ನು ಎಲ್ಲಿ ಬರೆಯಬೇಕು, ಯಾವ ಒತ್ತು ಎಲ್ಲಿ ಇಳಿಯಬೇಕು ಅನ್ನೋದು ಫಾಂಟಿನೊಳಗಿನ ನಿಯಮಗಳಿಗೆ ಸೇರಿದ್ದು. ಆ ನಿಯಮಗಳನ್ನು ಓದಿ ಅಕ್ಷರ ಜೋಡಿಸುವ ತಂತ್ರಾಂಶ ಬೇರೆ ಇರುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶ. ವಿಂಡೋಸಿನಲ್ಲಿ ಕನ್ನಡಕ್ಕೆ ಈ ಸೌಲಭ್ಯ ಬಂದದ್ದು 2001ರ ಎಕ್ಸ್‌ಪಿಯ ಜೊತೆಗೆ, ತುಂಗಾ ಫಾಂಟಿನೊಂದಿಗೆ.

ಪ್ರಿಂಟ್ ತೆಗೆದರೆ ಎರಡೂ ಒಂದೇ ಥರ ಕಾಣುತ್ತವೆ, ಹಾಗಿರುವಾಗ ವ್ಯತ್ಯಾಸ ಏನು ಅಂತ ಕೇಳಬಹುದು. ಒಂದು ಶಾಲೆಯ ಮಕ್ಕಳ ಪಟ್ಟಿಯನ್ನು ಹಳೇ ನುಡಿಯಲ್ಲಿ ಟೈಪ್ ಮಾಡಿ ಎಕ್ಸೆಲ್‌ನಲ್ಲಿ ಅಕಾರಾದಿಯಾಗಿ ಜೋಡಿಸಿ ನೋಡಿ. ಅನಿತಾಗಿಂತ ಮೊದಲು ಯಶೋದಾ ಬರುತ್ತಾಳೆ! ಯಾಕೆಂದರೆ ‘ಯ’ದ ಮೊದಲ ತುಂಡು ಕೂತಿರುವುದು ಇಂಗ್ಲಿಷಿನ ಎ ಮನೆಯಲ್ಲಿ, ‘ಅ’ ಕೂತಿರುವುದು ಸಿ ಮನೆಯಲ್ಲಿ. ಕಂಪ್ಯೂಟರಿಗೆ ಅಲ್ಲಿ ಕನ್ನಡವೇ ಕಾಣಿಸುತ್ತಿಲ್ಲ. ಇಂಥ ಪುಟ ಗೂಗಲ್ ಹುಡುಕಾಟದಲ್ಲೂ ಸಿಗುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಕಣ್ಣು ಕಾಣದವರ ವಿಚಾರಕ್ಕೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಅದರ ಜೊತೆ ಬರುವ ಇ-ಸ್ಪೀಕ್ ಎಂಜಿ ಧ್ವನಿಗೆ ಕನ್ನಡವೂ ಬರುತ್ತದೆ. ಯೂನಿಕೋಡ್ ಪುಟ ಕೊಟ್ಟರೆ ಕನ್ನಡವಾಗಿಯೇ ಓದುತ್ತದೆ. ಹಳೇ ಫಾಂಟಿನ ಪುಟ ಕೊಟ್ಟರೆ ‘ಪಿ, ಎ, ಪೌಂಡ್’ ಅಂತ ಶುರು ಮಾಡುತ್ತದೆ. ಒಂದು ಸರ್ಕಾರಿ ಆದೇಶವನ್ನೋ ಪಠ್ಯಪುಸ್ತಕವನ್ನೋ ತಾವಾಗಿಯೇ ಓದಿಕೊಳ್ಳಬೇಕೆನ್ನುವವರಿಗೆ ಇದು ಬಾಗಿಲು ಮುಚ್ಚಿದ ಹಾಗೆ.

ಸಮಾಧಾನದ ವಿಷಯ ಅಂದರೆ ಹಳೇ ಫೈಲುಗಳನ್ನು ಯೂನಿಕೋಡಿಗೆ ತರಬಹುದು. ಬರಹದ ಜೊತೆಗೇ ಒಂದು ಪರಿವರ್ತಕ ಬರುತ್ತಿತ್ತು. ಅರವಿಂದ ವಿ. ಕೆ. ಅವರು ಬರೆದ ಮುಕ್ತ ಪರಿವರ್ತಕ ಇದೆ, ಬ್ರೌಸರಿನಲ್ಲೇ ಬಳಸಬಹುದು. ಮೂಲದಲ್ಲಿ ಇದು ಒಂದು ಪಟ್ಟಿ: ಈ ತುಂಡಿಗೆ ಈ ಅಕ್ಷರ. ಆದರೆ ಬರೀ ಪಟ್ಟಿಯಿಂದ ಆಗುವುದಿಲ್ಲ. ‘ಯ’ದ ನಾಲ್ಕೂ ತುಂಡು ಒಟ್ಟಿಗೆ ಇವೆಯಾ ಅಂತ ಮೊದಲು ನೋಡಬೇಕು. ಇಲ್ಲದಿದ್ದರೆ ಸೊನ್ನೆ ಒಂದು ಕಡೆ, ಉಳಿದದ್ದು ಒಂದು ಕಡೆ ಆಗುತ್ತದೆ. ಕೊನೆಯಲ್ಲಿರುವ ಅರ್ಕಾವತ್ತನ್ನು ಎತ್ತಿ ಹಿಂದಿನ ವ್ಯಂಜನದ ಮುಂಚೆ ‘ರ್’ ಆಗಿ ಕೂರಿಸಬೇಕು. ‘ಕರ್ನಾಟಕ’ದಲ್ಲಿ ಅದು ‘ನಾ’ದ ದೀರ್ಘವನ್ನೂ ದಾಟಿ ಹೋಗಬೇಕು.

ಪರಿವರ್ತಕಗಳು ಎಡವುವುದು ಇಂಗ್ಲಿಷ್ ಪದ ಬಂದಾಗ. ಕನ್ನಡದ ಸಾಲಿನ ಮಧ್ಯೆ ಒಂದು ಇಮೇಲ್ ವಿಳಾಸ ಇತ್ತು ಅನ್ನಿ. ಅದರಲ್ಲಿನ ದೊಡ್ಡ ಎ ಸೊನ್ನೆಯಾಗುತ್ತದೆ, ದೊಡ್ಡ ಸಿ ‘ಅ’ ಆಗುತ್ತದೆ. ಯಾವುದು ಇಂಗ್ಲಿಷ್, ಯಾವುದು ಕನ್ನಡ ಎಂದು ಹೇಳುವ ಒಂದೇ ಸುಳಿವು ಫಾಂಟಿನ ಹೆಸರು. ವರ್ಡ್ ಫೈಲಿನಲ್ಲಿ ಆ ಹೆಸರು ಉಳಿದಿರುತ್ತದೆ. ನೋಟ್‌ಪ್ಯಾಡಿಗೆ ಕಾಪಿ ಮಾಡಿದ ಕ್ಷಣ ಅದು ಹೋಯಿತು. ಆದ್ದರಿಂದ ಹಳೇ ಫೈಲುಗಳನ್ನು ಇದ್ದ ರೂಪದಲ್ಲೇ ಇಟ್ಟುಕೊಳ್ಳಿ. ಸುಮ್ನೆ ಇರಲಿ ಅಂತ ಸಾದಾ ಪಠ್ಯವಾಗಿ ಸೇವ್ ಮಾಡಬೇಡಿ.

ಪಿಡಿಎಫ್ ಮಾತ್ರ ಉಳಿದಿದ್ದರೆ? ಫಾಂಟ್ ಅದರೊಳಗೇ ಸೇರಿಕೊಂಡಿದ್ದರೆ ನೋಡಲು ಚೆನ್ನಾಗಿಯೇ ಕಾಣುತ್ತದೆ. ಕಾಪಿ ಮಾಡಿದರೆ ಅವೇ ಗುರುತುಗಳು ಬರುತ್ತವೆ. ಎಷ್ಟೋ ಸಲ ಅವನ್ನೂ ಪರಿವರ್ತಕಕ್ಕೆ ಹಾಕಬಹುದು. ಕಾಗದದ ಪ್ರತಿ ಮಾತ್ರ ಇದ್ದರೆ ಸ್ಕ್ಯಾನ್ ಮಾಡಿ. ಗೂಗಲ್ ಡ್ರೈವ್ ಮತ್ತು ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶ ಎರಡೂ ಚಿತ್ರದಲ್ಲಿರುವ ಕನ್ನಡವನ್ನು ಗುರುತಿಸುತ್ತವೆ, ಆದರೆ ಒತ್ತಕ್ಷರಗಳನ್ನು ಆಮೇಲೆ ಕಣ್ಣಿಟ್ಟು ತಿದ್ದಬೇಕು.

ಗುಟ್ಟಾಗಿರಬೇಕಾದ ಕಾಗದವನ್ನು ಆನ್‌ಲೈನ್ ಪರಿವರ್ತಕಕ್ಕೆ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಪುಟ ತೆರೆದುಕೊಂಡ ಮೇಲೆ ಇಂಟರ್ನೆಟ್ ಆಫ್ ಮಾಡಿ, ಒಂದು ಸಾಲು ಪರಿವರ್ತಿಸಿ. ಆಯಿತು ಅಂದರೆ ಕೆಲಸ ನಡೆಯುತ್ತಿರುವುದು ನಿಮ್ಮ ಕಂಪ್ಯೂಟರಿನಲ್ಲೇ. ಆಗಲಿಲ್ಲ ಅಂದರೆ ನಿಮ್ಮ ಬರಹ ಬೇರೆಯವರ ಸರ್ವರಿಗೆ ಹೋಗುತ್ತಿರಬಹುದು. ಫಲಿತಾಂಶದಲ್ಲಿ ಮೊದಲು ಅರ್ಕಾವತ್ತಿರುವ ಪದಗಳನ್ನು ನೋಡಿ, ಆಮೇಲೆ ಇಂಗ್ಲಿಷ್ ಪದಗಳನ್ನು, ಆಮೇಲೆ ತಾರೀಕುಗಳನ್ನು. ಹಳೇ ಫೈಲನ್ನೂ ಹೊಸದರ ಪಕ್ಕದಲ್ಲೇ ಇಡಿ, ಅದರ ಹೆಸರಿನಲ್ಲಿ ಫಾಂಟಿನ ಹೆಸರನ್ನೂ ಸೇರಿಸಿ.