ಬಣ್ಣದ ಆಕ್ಸಾಲಿಸ್: ಎಲೆ ಮಡಚಿತೆಂದು ನೀರು ಸುರಿಯಬೇಡಿ

ಹಿತ್ತಲಲ್ಲಿ ತಾನಾಗೇ ಹಬ್ಬುವ ಪುಲ್ಲಂಪುರಚಿ ಗೊತ್ತಲ್ಲ, ಚಿಕ್ಕವರಿದ್ದಾಗ ಹುಳಿಹುಳಿ ಅಂತ ಅಗಿಯುತ್ತಿದ್ದ ಮೂರೆಲೆಯ ಸೊಪ್ಪು? ಅದರ ದಾಯಾದಿ ಈ ಆಕ್ಸಾಲಿಸ್ ವಲ್ಕಾನಿಕೋಲ. ಅದೇ ಮೂರೆಲೆ, ಅದೇ ಪುಟ್ಟ ಹಳದಿ ಹೂ. ಬಣ್ಣ ಮಾತ್ರ ಬೇರೆ: ‘ಜಿನ್‌ಫ್ಯಾಂಡೆಲ್’ ತಳಿ ಕಡುನೇರಳೆ, ‘ಮೋಲ್ಟನ್ ಲಾವಾ’ ಹಳದಿ-ಕಿತ್ತಳೆ. ಕುಂಡದ ಅಂಚಿನಿಂದ ಇಳಿಬೀಳುತ್ತದೆ, ಹಾಗಾಗಿ ತೂಗುಕುಂಡಕ್ಕೆ ಚೆನ್ನ. ಮೂಲ ನೆಲೆ ಮಧ್ಯ ಅಮೆರಿಕದ ಜ್ವಾಲಾಮುಖಿ ಬೆಟ್ಟಗಳು. ಹೆಸರಿನ ಅರ್ಥವೂ ‘ಜ್ವಾಲಾಮುಖಿ ವಾಸಿ’. ಹೆಸರು ಕೇಳಿ ಬಿಸಿಲುಪ್ರಿಯ ಗಿಡ ಅಂದುಕೊಂಡೆ. ಅಲ್ಲ, ಅದು ಬೆಟ್ಟದ ತಂಪಿನದು.

ಮಣ್ಣಿನ ವಿಷಯ ಎರಡೇ ಮಾತು: ನೀರು ನಿಲ್ಲಬಾರದು, ಕುಂಡಕ್ಕೆ ತೂತಿರಬೇಕು. ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್, ಒಂದಿಷ್ಟು ಪರ್ಲೈಟ್ (ಮಣ್ಣು ಸಡಿಲವಾಗಿಡುವ ಹಗುರ ಬಿಳಿ ಹರಳು) ಸಾಕು.

ಈಗ ನಾನು ಎಡವಿದ ಜಾಗ. ಸಂಜೆ ನೋಡಿದರೆ ಎಲೆಗಳೆಲ್ಲ ಕೊಡೆ ಮಡಚಿದಂತೆ ಕೆಳಗೆ ಬಾಗಿದ್ದವು. ಬಾಯಾರಿದೆ ಅಂತ ಒಂದು ಚೊಂಬು ನೀರು. ಬೆಳಿಗ್ಗೆ ಅರಳಿದ್ದವು. ಆಹಾ, ನೀರೇ ಕೆಲಸ ಮಾಡಿತು! ಮರುದಿನ ಸಂಜೆ ಮತ್ತೆ ಮಡಚಿದವು, ಮತ್ತೆ ಚೊಂಬು. ಮೂರನೇ ವಾರಕ್ಕೆ ಬುಡ ಕಪ್ಪಾಗಿ ಕೊಳೆಯಿತು. ನೀರು ಹಾಕದಿದ್ದರೂ ಅವು ಬೆಳಿಗ್ಗೆ ಅರಳುತ್ತಿದ್ದವು! ಕಿರುಎಲೆಯ ಬುಡದಲ್ಲೊಂದು ಪುಟ್ಟ ಗಂಟಿದೆ. ಅದರ ಜೀವಕೋಶಗಳಲ್ಲಿ ನೀರಿನ ಒತ್ತಡ ಏರಿಳಿದಂತೆ ಎಲೆ ತೆರೆಯುತ್ತದೆ, ಮುಚ್ಚುತ್ತದೆ. ಮುಟ್ಟಿದರೆ ಮುನಿಯ ಎಲೆ ಮಡಚುವುದೂ ಇದೇ ಬಗೆಯ ಗಂಟಿನಿಂದ. ರಾತ್ರಿ ಮಡಚಿದರೆ ನಿದ್ದೆ. ಸುಡು ಬಿಸಿಲಲ್ಲಿ ಮಡಚಿದರೆ ಬೆಳಕಿನಿಂದ ರಕ್ಷಣೆ.

ಹಾಗಾದರೆ ಬಾಯಾರಿಕೆ ಗೊತ್ತಾಗುವುದು ಹೇಗೆ? ಎಲೆ ಬಿಡಿ, ದಂಟು ನೋಡಿ. ಎಲೆ ಮಡಚಿದ್ದರೂ ದಂಟು ಬಿಗಿಯಾಗಿದ್ದರೆ ಚಿಂತೆಯಿಲ್ಲ. ದಂಟೂ ಜೋತುಬಿದ್ದಿದ್ದರೆ ಕುಂಡ ಎತ್ತಿ ನೋಡಿ (ನನ್ನ ಪ್ರೀತಿಯ ಉಪಾಯ): ಹಗುರವಿದ್ದರೆ ನೀರು ಬೇಕು, ಭಾರವಿದ್ದೂ ಜೋತಿದ್ದರೆ ಬೇರು ಕೊಳೆಯುತ್ತಿರಬಹುದು. ಆಗ ನೀರು ಹಾಕಿದಿರೋ, ಕಥೆ ಮುಗಿಯಿತು.

ಇನ್ನೊಂದು ಗೊಂದಲ. ‘ಒಣಗಿದರೆ ಹಾಗೇ ಬಿಡಿ, ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ’ ಅನ್ನುವ ಸಲಹೆ ಚಿಟ್ಟೆಯಂಥ ನೇರಳೆ ಎಲೆಯ ಆಕ್ಸಾಲಿಸ್ ಟ್ರೈಆಂಗ್ಯುಲಾರಿಸ್‌ಗೆ ಸರಿ. ನಮ್ಮದಕ್ಕೆ ಗೆಡ್ಡೆಯಿಲ್ಲ, ಬರೀ ನಾರುಬೇರು. ನಾನು ಒಣಕಲು ಕುಂಡದ ಮುಂದೆ ಒಂದು ತಿಂಗಳು ಕಾದೆ!

ಬೆಳಕು: ಮನೆಯೊಳಗಾದರೆ ಪೂರ್ವದ ಕಿಟಕಿ. ಬೆಳಕು ಸಾಲದಿದ್ದರೆ ಬಣ್ಣ ಮಾಸಿ ಹಸಿರಾಗುತ್ತದೆ, ದಂಟು ಸಪೂರವಾಗಿ ಉದ್ದಕ್ಕೆ ಎಳೆಯುತ್ತದೆ. ನಮ್ಮ ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಹಳದಿ ತಳಿಯ ಅಂಚು ಸುಡುತ್ತದೆ. ಆಗ ನೆರಳಿಗೆ ಸರಿಸಿ.

ಉದ್ದವಾದ ತುದಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆದು ಗಿಡ ದಟ್ಟವಾಗುತ್ತದೆ. ಚಿವುಟಿದ್ದನ್ನು ಎಸೆಯಬೇಡಿ, ಗೆಣ್ಣು ಮುಳುಗುವಂತೆ ಲೋಟದ ನೀರಲ್ಲಿಟ್ಟರೆ ಬೇರು ಬಿಡುತ್ತದೆ. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಬೆಕ್ಕು, ನಾಯಿ ಮೇಯದಷ್ಟು ಎತ್ತರದಲ್ಲಿ ತೂಗುಹಾಕಿ. ಈಗ ನನ್ನ ಕಿಟಕಿಯಲ್ಲಿರುವುದು ಅಂಥ ಲೋಟದಿಂದ ಬಂದ ಗಿಡ. ಸಂಜೆ ಅದು ಮಡಚಿಕೊಂಡಾಗ ಕೈ ಇನ್ನೂ ಚೊಂಬಿನತ್ತ ಹೋಗುತ್ತದೆ.