ದೋಣಿಯ ಶೌಚ ತೊಟ್ಟಿಗೂ ಉಸಿರು ಬೇಕು

ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿ ದೋಣಿ ನಡೆಸಲು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ.

ಮೊದಲು ಕಾನೂನು. ಕ್ಲೀನ್ ವಾಟರ್ ಕಾಯ್ದೆಯ 312ನೇ ಸೆಕ್ಷನ್ ಅಡಿಯ ನಿಯಮಗಳ ಪ್ರಕಾರ ದೋಣಿಯ ಶೌಚ ಸಾಧನಗಳು ಮೂರು ಬಗೆ. ಮೊದಲೆರಡು ಮಲಿನವನ್ನು ಸಂಸ್ಕರಿಸಿ ನೀರಿಗೆ ಬಿಡುತ್ತವೆ. ಮೂರನೆಯದು ತೊಟ್ಟಿಯಲ್ಲಿ ಕೂಡಿಡುತ್ತದೆ. ಟಾಹೋದಂಥ ವಿಸರ್ಜನೆ ನಿಷೇಧವಿರುವ ಸರೋವರಗಳಲ್ಲಿ ಸಂಸ್ಕರಿಸಿದ್ದನ್ನೂ ಬಿಡುವಂತಿಲ್ಲ. ಅಲ್ಲಿ ಹೊರಬಿಡುವ ವಾಲ್ವನ್ನು ಬರಿದೇ ಮುಚ್ಚಿದರೆ ಸಾಲದು: ಹಿಡಿಯನ್ನು ಕಳಚಿಡಬೇಕು, ಬೀಗ ಹಾಕಬೇಕು ಅಥವಾ ಕತ್ತರಿಸದೆ ಬಿಚ್ಚಲಾಗದ ಪಟ್ಟಿಯಿಂದ ಬಿಗಿಯಬೇಕು.

ಇನ್ನು ದುರ್ವಾಸನೆ. ಇದಕ್ಕೆ ಮದ್ದೆಂದು ಅಂಗಡಿಯ ಸುಗಂಧ ದ್ರವ ಸುರಿಯುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ದುಡ್ಡು ದಂಡ. ತೊಟ್ಟಿಗೆ ಗಾಳಿ ಸಿಕ್ಕರೆ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವು ಬಿಡುವ ಇಂಗಾಲದ ಡೈಆಕ್ಸೈಡಿಗೆ ವಾಸನೆಯಿಲ್ಲ. ಗಾಳಿ ಕಟ್ಟಿದರೆ ಬೇರೆ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತವೆ. ಇದು ವಿಷಾನಿಲ. ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಮಂಕಾಗಿಸುತ್ತದೆ. ಆದ್ದರಿಂದ ತೊಟ್ಟಿಯ ಮುಚ್ಚಳ ತೆರೆದು ಬಗ್ಗಿ ನೋಡಬೇಡಿ.

ಹಾಗಾಗಿ ಎಲ್ಲಕ್ಕಿಂತ ಮುಖ್ಯ ತೊಟ್ಟಿಗೆ ಗಾಳಿಯಾಡಿಸುವ ವೆಂಟ್ ಕೊಳವೆ. ಅದು ಅಗಲವಾಗಿ, ಗಿಡ್ಡವಾಗಿ, ನೇರವಾಗಿ ಇದ್ದಷ್ಟೂ ಒಳ್ಳೆಯದು. ದೋಣಿಯ ಹೊರಮೈಯಲ್ಲಿರುವ ಅದರ ಸಣ್ಣ ಬಾಯಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟುತ್ತವೆ. ತೊಟ್ಟಿ ತುಂಬಿ ಉಕ್ಕಿದರೆ ಹೊಲಸು ಅಲ್ಲೇ ಒಣಗಿ ಗಟ್ಟಿಯಾಗುತ್ತದೆ. ಪರೀಕ್ಷೆ ಸುಲಭ: ಒಬ್ಬರು ಒಳಗೆ ಫ್ಲಶ್ ಮಾಡಲಿ, ಇನ್ನೊಬ್ಬರು ಹೊರಗೆ ಆ ಬಾಯಿಗೆ ಅಂಗೈ ಹಿಡಿಯಲಿ. ಉಸಿರು ತಾಗಿದರೆ ಸರಿ. ತಾಗದಿದ್ದರೆ ಕಟ್ಟಿಕೊಂಡಿದೆ ಎಂದೇ ಅರ್ಥ. ಆ ಸ್ಥಿತಿಯಲ್ಲಿ ಪಂಪ್‌ಔಟ್‌ಗೆ, ಅಂದರೆ ಪಂಪಿನಿಂದ ಹೀರಿಸಿ ತೊಟ್ಟಿ ಖಾಲಿ ಮಾಡಿಸಲು, ಹೋದರೆ ಹೀರುವ ಬಲಕ್ಕೆ ತೊಟ್ಟಿಯೇ ಒಳಕ್ಕೆ ಕುಸಿದು ಸೀಳಬಹುದು. ದೋಣಿ ತೊಳೆಯುವಾಗಲೆಲ್ಲ ಆ ಬಾಯಿಗೂ ನೀರು ಹಾಯಿಸಿ.

ಪಂಪ್‌ಔಟ್ ದಿನ ಕೈಗವಸು ಬೇಕೇ ಬೇಕು. ಡೆಕ್ಕಿನ ಮೇಲಿನ ಮುಚ್ಚಳಗಳು ನೋಡಲು ಒಂದೇ ತೆರನಾಗಿರುವುದರಿಂದ ಮೇಲೆ ಕೆತ್ತಿದ ಅಕ್ಷರ ಓದಿಯೇ ತಿರುಗಿಸಿ. ಪಕ್ಕದ್ದು ಕುಡಿಯುವ ನೀರಿನದಾಗಿರಬಹುದು. ತೊಟ್ಟಿ ಖಾಲಿಯಾದ ಮೇಲೆ ನೀರು ಹಾಕಿ ಮತ್ತೆ ಹೀರಿಸಿ. ಪಂಪಿನ ಗಾಜಿನ ಕಿಂಡಿಯಲ್ಲಿ ತಿಳಿನೀರು ಕಾಣುವವರೆಗೂ ಹೀಗೇ ಮಾಡಿ. ಕುಡಿಯುವ ನೀರಿನ ಪೈಪನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಬ್ಲೀಚ್ ಕೂಡ ಬೇಡ, ಅದು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಇಷ್ಟಾದರೂ ಕ್ಯಾಬಿನ್ ನಾರುತ್ತಿದ್ದರೆ ಮಲಿನ ಹರಿಯುವ ಹೋಸ್ ಪೈಪನ್ನು ಅನುಮಾನಿಸಿ. ಎಲ್ಲೂ ಸೋರದೆಯೇ ಪೈಪಿನ ಗೋಡೆಯ ಮೂಲಕ ವಾಸನೆ ಜಿನುಗಬಲ್ಲದು. ಬಿಸಿನೀರಿನಲ್ಲಿ ಹಿಂಡಿದ ಶುಭ್ರ ಬಟ್ಟೆಯನ್ನು ಪೈಪಿಗೆ ಸುತ್ತಿ, ತಣ್ಣಗಾದ ಮೇಲೆ ಬಿಚ್ಚಿ, ಹೊರಗೆ ತಂದು ಮೂಸಿ ನೋಡಿ. ಬಟ್ಟೆ ನಾರಿದರೆ ಆ ಪೈಪಿನ ಆಯುಸ್ಸು ಮುಗಿದಿದೆ. ಜೋತುಬಿದ್ದ ಜಾಗದಿಂದಲೇ ಪರೀಕ್ಷೆ ಶುರುಮಾಡಿ, ಏಕೆಂದರೆ ಮಲಿನ ನಿಲ್ಲುವುದು ಅಲ್ಲಿ.