ಸಿಪಿಎಂ ₹100 ತೋರಿಸುತ್ತೆ, ಕೈಗೆ ₹30 ಯಾಕೆ? ಯೂಟ್ಯೂಬ್ ಆದಾಯದ ಟಿಪ್ಪಣಿ

ಯೂಟ್ಯೂಬ್ ಸ್ಟುಡಿಯೋದಲ್ಲಿ ಆದಾಯದ ಅಂಕಿಗಳನ್ನು ನೋಡಿದರೆ ಮೂರು ದರಗಳು ಸಿಗುತ್ತವೆ: ಸಿಪಿಎಂ, ಪ್ಲೇಬ್ಯಾಕ್ ಆಧಾರಿತ ಸಿಪಿಎಂ, ಆರ್‌ಪಿಎಂ. ಮೂರೂ ಸಾವಿರಕ್ಕೆ ಇಷ್ಟು ಎನ್ನುವ ಲೆಕ್ಕವೇ. ಆದರೆ ಯಾವುದರ ಸಾವಿರ? ಅಲ್ಲೇ ಎಲ್ಲ ಗೊಂದಲ ಇರೋದು. ನನ್ನ ತಲೆ ತಿರುಗಿದ್ದೂ ಅಲ್ಲೇ, ಹಾಗಾಗಿ ಈ ಟಿಪ್ಪಣಿಯ ಮುಕ್ಕಾಲು ಪಾಲು ಅದಕ್ಕೇ ಹೋಗಿದೆ. ಆಡ್ ಹಣ ಸಿಗಲು ಬೇಕಾದ 1,000 ಸಬ್‌ಸ್ಕ್ರೈಬರ್, 4,000 ಗಂಟೆ ವೀಕ್ಷಣೆ ಇತ್ಯಾದಿ ಅರ್ಹತೆಯ ವಿಷಯ ನಿಮಗೆ ಗೊತ್ತೇ ಇರುತ್ತದೆ, ಬಿಟ್ಟಿದ್ದೇನೆ.

ಮೂರು ಸಾವಿರಗಳು

ಸಿಪಿಎಂ ಅಂದರೆ ಸಾವಿರ ಜಾಹೀರಾತು ಇಂಪ್ರೆಷನ್‌ಗೆ ಜಾಹೀರಾತುದಾರ ಕೊಟ್ಟ ಹಣ. ಒಬ್ಬರೇ ಒಂದು ವಿಡಿಯೋದಲ್ಲಿ ಎರಡು ಆಡ್ ನೋಡಿದರೆ ಎರಡು ಇಂಪ್ರೆಷನ್.

ಪ್ಲೇಬ್ಯಾಕ್ ಆಧಾರಿತ ಸಿಪಿಎಂನಲ್ಲಿ ಹಣ ಅದೇ, ಭಾಗಿಸುವುದು ಮಾತ್ರ ಆಡ್ ಬಂದ ಪ್ಲೇಬ್ಯಾಕ್‌ಗಳಿಂದ (ವಿಡಿಯೋ ಹಾಕಿ ನೋಡಿದ ಒಂದೊಂದು ಸಲ ಒಂದು ಪ್ಲೇಬ್ಯಾಕ್). ಎರಡು ಆಡ್ ಬಂದರೂ ಇಲ್ಲಿ ಒಂದೇ ಎಣಿಕೆ. (ತಮಾಷೆ ಅಂದರೆ, ಮೊದಲ ಆಡ್ ನೋಡುತ್ತಲೇ ಬೇಜಾರಾಗಿ ವಿಡಿಯೋ ಶುರುವಾಗುವ ಮೊದಲೇ ಎದ್ದು ಹೋದವರೂ ಈ ಲೆಕ್ಕಕ್ಕೆ ಸೇರುತ್ತಾರೆ.)

ಆರ್‌ಪಿಎಂ ಮಾತ್ರ ಬೇರೆ ಜಾತಿ. ಯೂಟ್ಯೂಬ್ ತನ್ನ ಪಾಲು ತೆಗೆದುಕೊಂಡ ಮೇಲೆ ನಿಮಗೆ ಉಳಿದ ಹಣವನ್ನು ಒಟ್ಟು ವ್ಯೂಸ್‌ನಿಂದ ಭಾಗಿಸುತ್ತಾರೆ. ಆಡ್ ಬಂದಿರಲಿ ಬಿಡಲಿ, ಎಲ್ಲ ವ್ಯೂಸ್ ಸೇರುತ್ತವೆ. ಹಣದ ಕಡೆ ಆಡ್ ಜೊತೆಗೆ ಪ್ರೀಮಿಯಂ (ಆಡ್ ಇಲ್ಲದೆ ನೋಡುವವರ ಚಂದಾ), ಮೆಂಬರ್‌ಶಿಪ್, ಸೂಪರ್ ಚಾಟ್ (ಲೈವ್‌ನಲ್ಲಿ ವೀಕ್ಷಕರು ಕೊಡುವ ಹಣ) ಕೂಡ ಸೇರುತ್ತವೆ.

ಬಸ್ಸಿನ ಕಲೆಕ್ಷನ್ ತಗೊಳ್ಳಿ. ಅದನ್ನು ಹರಿದ ಟಿಕೆಟ್‌ಗಳಿಂದ ಭಾಗಿಸಿದರೆ ಒಂದು ಸಂಖ್ಯೆ, ಪಾಸ್‌ನವರನ್ನೂ ಸೇರಿಸಿ ಒಳಗಿದ್ದವರೆಲ್ಲರಿಂದ ಭಾಗಿಸಿದರೆ ಇನ್ನೊಂದು. ಆರ್‌ಪಿಎಂ ಎರಡನೆಯ ಥರದ್ದು.

₹100ರಿಂದ ₹30ಕ್ಕೆ ಇಳಿಯುವ ದಾರಿ

ದೊಡ್ಡ ವಿಡಿಯೋದ ಆಡ್ ಹಣದಲ್ಲಿ ನಮ್ಮ ಪಾಲು 55%. ಹಾಗಾದರೆ ಸಿಪಿಎಂ ₹100 ಇದ್ದರೆ ಆರ್‌ಪಿಎಂ ₹55 ಇರಬೇಕು ಅಲ್ವಾ? ಇಲ್ಲ. ಒಂದು ಕಾಲ್ಪನಿಕ ತಿಂಗಳ ಲೆಕ್ಕ ಹಾಕೋಣ, ಪೆನ್ನು ಹಿಡಿದು ನೀವೂ ಮಾಡಿ.

ಒಟ್ಟು ವ್ಯೂಸ್ 1,00,000. ಅದರಲ್ಲಿ ಆಡ್ ಬಂದ ಪ್ಲೇಬ್ಯಾಕ್ 40,000. ಕೆಲವರಿಗೆ ಎರಡೆರಡು ಆಡ್ ಬಂದಿದ್ದರಿಂದ ಇಂಪ್ರೆಷನ್ 56,000. ಜಾಹೀರಾತುದಾರರು ಕೊಟ್ಟದ್ದು ₹5,600.

ಸಿಪಿಎಂ: 5,600 ÷ 56 = ₹100.
ಪ್ಲೇಬ್ಯಾಕ್ ಆಧಾರಿತ ಸಿಪಿಎಂ: 5,600 ÷ 40 = ₹140.
ನಮ್ಮ ಪಾಲು: 5,600ರ 55%, ಅಂದರೆ ₹3,080.
ಆರ್‌ಪಿಎಂ: 3,080 ÷ 100 = ₹30.80.

ಕೊನೆಯ ಸಾಲಲ್ಲಿ 100 ಯಾಕೆ? ಅಲ್ಲಿ ಭಾಗಿಸುವುದು ಇಡೀ ಲಕ್ಷ ವ್ಯೂಸ್‌ನಿಂದ, ಅಂದರೆ 100 ಸಾವಿರದಿಂದ. ಮೊದಲ ಸಾಲಲ್ಲಿ 56 ಸಾವಿರ, ಎರಡನೆಯದರಲ್ಲಿ 40 ಸಾವಿರ. ನಾಲ್ಕೂ ಸಾಲಿನ ಮೂಲ ಅದೇ ₹5,600. ಯಾರೂ ಹಣ ನುಂಗಿಲ್ಲ. ₹55 ಮತ್ತು ₹30.80ರ ನಡುವಿನ ಅಂತರ ಬಂದಿದ್ದು ಆಡ್ ಇಲ್ಲದೆ ಓಡಿದ 60,000 ವ್ಯೂಸ್‌ನಿಂದ. ಆ ಹೊತ್ತಿಗೆ ತೋರಿಸಲು ಆಡ್ ಸಿಗದಿರುವುದು, ಆಡ್ ಬ್ಲಾಕರ್, ವಿಡಿಯೋಗೆ ಹಳದಿ ಐಕಾನ್ (ಆಡ್ ಕಡಿಮೆ ಅಥವಾ ಇಲ್ಲ ಎನ್ನುವ ಗುರುತು) ಬಂದಿರುವುದು ಇವೆಲ್ಲ ಅದಕ್ಕೆ ಕಾರಣ.

ಇದರಿಂದ ನನಗೆ ಸಿಕ್ಕ ಅಡ್ಡದಾರಿ: ಸಿಪಿಎಂ × ಪ್ರತಿ ವ್ಯೂಗೆ ಬಂದ ಇಂಪ್ರೆಷನ್ × 0.55. ಮೇಲಿನ ಲೆಕ್ಕದಲ್ಲಿ 100 × 0.56 × 0.55 = 30.80. ಇದು ಬರೀ ಆಡ್ ಹಣದ ಆರ್‌ಪಿಎಂ. ಸ್ಟುಡಿಯೋದಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಕಂಡರೆ ಮಿಕ್ಕಿದ್ದು ಪ್ರೀಮಿಯಂ, ಮೆಂಬರ್‌ಶಿಪ್ ಕಡೆಯಿಂದ ಬಂದಿರುತ್ತದೆ.

ಈ ಸೂತ್ರ ಇಟ್ಟುಕೊಂಡರೆ ಇನ್ನೊಂದು ಒಗಟೂ ಬಿಡಿಸುತ್ತದೆ. ವಿಡಿಯೋ 8 ನಿಮಿಷ ಇದ್ದರೆ ನಡುವೆ ಆಡ್ ಹಾಕಬಹುದು (2020ರ ಜುಲೈಗೆ ಮುಂಚೆ 10 ನಿಮಿಷ ಬೇಕಿತ್ತು). ಹಾಗೆ ಹಾಕಿದ್ದರಿಂದ ಅದೇ 40,000 ಪ್ಲೇಬ್ಯಾಕ್‌ನಲ್ಲಿ 80,000 ಇಂಪ್ರೆಷನ್ ಆಗಿ, ಒಟ್ಟು ₹7,200 ಬಂತು ಅಂದುಕೊಳ್ಳಿ. ಸಿಪಿಎಂ ₹90ಕ್ಕೆ ಇಳಿಯಿತು. ಅಯ್ಯೋ ಅನ್ನಬೇಡಿ. ನಮ್ಮ ಪಾಲು ₹3,960, ಆರ್‌ಪಿಎಂ ₹39.60. ಸಿಪಿಎಂ ಬಿತ್ತು, ದುಡ್ಡು ಏರಿತು. ಸಿಪಿಎಂ ಒಂದನ್ನೇ ಸ್ಕ್ರೀನ್‌ಶಾಟ್ ತೆಗೆದು ಹಂಚುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಕಾರಣ ಇದೇ.

ಆರ್‌ಪಿಎಂ ಕೂಡ ಸುಳ್ಳು ಹೆದರಿಕೆ ಹುಟ್ಟಿಸುತ್ತದೆ

ಶಾರ್ಟ್ಸ್ ಲೆಕ್ಕ ಬೇರೆ. 2023ರ ಫೆಬ್ರವರಿ 1ರಿಂದ ಶಾರ್ಟ್ಸ್ ಫೀಡ್‌ನ ಆಡ್ ಹಣವನ್ನು ಒಟ್ಟು ಮಾಡಿ, ಸಂಗೀತದ ಖರ್ಚು ಕಳೆದು, ವ್ಯೂಸ್ ಪ್ರಕಾರ ಹಂಚಿ, ನಮ್ಮ ಹೆಸರಿಗೆ ಬಂದದ್ದರಲ್ಲಿ 45% ಕೊಡುತ್ತಾರೆ. ಸಾಮಾನ್ಯವಾಗಿ ಸಾವಿರಕ್ಕೆ ಸಿಗುವುದು ದೊಡ್ಡ ವಿಡಿಯೋಗಿಂತ ತುಂಬಾ ಕಡಿಮೆ. ಮೇಲಿನ ಮೊದಲ ತಿಂಗಳಿಗೇ ಒಂದು ಶಾರ್ಟ್ ವೈರಲ್ ಆಗಿ, ಲೆಕ್ಕಕ್ಕೆ ಬರುವ 4,00,000 ವ್ಯೂಸ್‌ಗೆ ₹1,200 ಕೊಟ್ಟಿತು ಅನ್ನಿ. ಈಗ 4,280 ÷ 500 = ₹8.56. ಆರ್‌ಪಿಎಂ ₹30.80ರಿಂದ ₹8.56ಕ್ಕೆ ಕುಸಿದಿದೆ, ಆದರೆ ಕೈಗೆ ₹1,200 ಜಾಸ್ತಿ ಬಂದಿದೆ! ಅದಕ್ಕೇ ದೊಡ್ಡ ವಿಡಿಯೋ ಮತ್ತು ಶಾರ್ಟ್ಸ್ ಎರಡನ್ನೂ ಫಿಲ್ಟರ್ ಹಾಕಿ ಬೇರೆ ಬೇರೆ ನೋಡಿ.

ಇನ್ನೊಂದು: 2025ರ ಮಾರ್ಚ್ 31ರಿಂದ ಶಾರ್ಟ್ ಓಡಲು ಶುರುವಾದರೆ ಸಾಕು, ವ್ಯೂ ಅಂತ ಎಣಿಸುತ್ತಾರೆ. ಹಣಕ್ಕೆ ಮಾತ್ರ ಎಂಗೇಜ್ಡ್ ವ್ಯೂಸ್ (ತಕ್ಷಣ ಮುಂದೆ ತಳ್ಳದೆ ನೋಡಿದವು) ಲೆಕ್ಕ. ಪರದೆ ಮೇಲಿನ ದೊಡ್ಡ ಸಂಖ್ಯೆಗೆ ಹಣವನ್ನು ಗುಣಿಸಿ ಕನಸು ಕಾಣಬೇಡಿ.

ಎರಡು ವಿಡಿಯೋಗಳ ಆರ್‌ಪಿಎಂ ಕೂಡಿಸಿ ಅರ್ಧ ಮಾಡುವುದೂ ತಪ್ಪು. 10,000 ವ್ಯೂಸ್‌ನ ವಿಡಿಯೋಗೆ ಆರ್‌ಪಿಎಂ ₹60, 90,000 ವ್ಯೂಸ್‌ನದಕ್ಕೆ ₹20 ಇದ್ದರೆ ಸರಾಸರಿ ₹40 ಅಲ್ಲ, ₹24. ಹಣ ಕೂಡಿಸಿ, ವ್ಯೂಸ್ ಕೂಡಿಸಿ, ಆಮೇಲೆ ಭಾಗಿಸಿ.

ಬ್ಯಾಂಕಿಗೆ ಬರುವವರೆಗೆ

ಸ್ಟುಡಿಯೋದಲ್ಲಿ ಕಾಣುವುದು ಅಂದಾಜು ಮಾತ್ರ. ಆಡ್‌ಸೆನ್ಸ್‌ನಲ್ಲಿ (ಗೂಗಲ್ ನಮಗೆ ಹಣ ಕಳಿಸುವ ಖಾತೆ) ಮುಂದಿನ ತಿಂಗಳ 7ರಿಂದ 12ರ ಒಳಗೆ ಅಂತಿಮ ಮೊತ್ತ ಬರುತ್ತದೆ. 100 ಡಾಲರ್ ದಾಟಿದ್ದರೆ 21ರಿಂದ 26ರ ನಡುವೆ ಹಣ ಕಳಿಸುತ್ತಾರೆ.

ಕನ್ನಡ ಚಾನೆಲ್‌ಗಳಿಗೆ ಅಮೆರಿಕದಲ್ಲಿರುವ ನಮ್ಮವರ ವ್ಯೂಸ್ ಬರುತ್ತಲೇ ಇರುತ್ತವೆ. ಆ ಪಾಲಿನ ಮೇಲೆ 2021ರಿಂದ ಅಮೆರಿಕದ ತೆರಿಗೆ ಕಡಿತ ಇದೆ. ತಿಂಗಳಿಗೆ 1,000 ಡಾಲರ್ ಬಂದು, ಅದರಲ್ಲಿ 100 ಡಾಲರ್ ಅಲ್ಲಿನ ವೀಕ್ಷಕರಿಂದ ಬಂದಿದ್ದರೆ, ಪ್ಯಾನ್ ನಂಬರ್ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದದ ಅಡಿ ಫಾರ್ಮ್ ತುಂಬಿದವರಿಗೆ ಹೋಗುವುದು 15 ಡಾಲರ್. ತೆರಿಗೆ ಮಾಹಿತಿಯನ್ನೇ ಕೊಡದ ವೈಯಕ್ತಿಕ ಖಾತೆಗೆ ಪೂರ್ತಿ ಸಾವಿರದ ಮೇಲೆ 24%, ಅಂದರೆ 240 ಡಾಲರ್ ತನಕ ಹೋಗಬಹುದು. ಸಿಪಿಎಂ ಏರಿಸಲು ತಲೆ ಕೆಡಿಸಿಕೊಳ್ಳುವ ಮುಂಚೆ ಆ ಫಾರ್ಮ್ ತುಂಬಿ ಮುಗಿಸಿ.